ಪತ್ರ ಗಡಿ ದಾಟುವಾಗ

(ಉತ್ತರ ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರ ಒಂದು ಕೂಟದಲ್ಲಿ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಅಲ್ಲಲ್ಲಿ ಮೊಟಕು ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡು ಅಕ್ಷರಗಳ ಕಥೆಯಿಂದ ಶುರು ಮಾಡುತ್ತೇನೆ. ಜರ್ಮನಿಯ ಆಸ್ಪತ್ರೆಗಳ ಯಾವ ಡಿಸ್ಚಾರ್ಜ್ ಸಮರಿ ತೆಗೆದು ನೋಡಿದರೂ ಅದರಲ್ಲಿ ‘ಜೆಡ್. ಎನ್.’ ಎಂಬ ಗುರುತು ನಾಲ್ಕಾರು ಕಡೆ ಸಿಗುತ್ತದೆ. ‘ತ್ಸುಷ್ಟಾಂಡ್ ನಾಖ್’ ಎಂಬುದನ್ನು ಚಿಕ್ಕದು ಮಾಡಿದ್ದು. ಹಿಂದೆ ಆಗಿಹೋದದ್ದು ಎಂದು ಅರ್ಥ. ಜೆಡ್. ಎನ್. ಹೃದಯಾಘಾತ ಎಂದು ಬರೆದಿದ್ದರೆ ಈ ರೋಗಿಗೆ ಮೊದಲೊಮ್ಮೆ ಹೃದಯಾಘಾತ ಆಗಿತ್ತು ಎಂದು ತಿಳಿಯಬೇಕು. ಉತ್ತರ ಜರ್ಮನಿಯ ಓಲ್ಡನ್‌ಬರ್ಗ್‌ನಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ಪಶ್ಚಿಮಕ್ಕೆ ಹೋದರೆ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ಸಿಗುತ್ತದೆ. ಅಲ್ಲಿಯ ಡಾಕ್ಟರುಗಳೂ ದಿನಾ ‘ಜೆಡ್. ಎನ್.’ ಬರೆಯುತ್ತಾರೆ. ಅವರ ಪಾಲಿಗೆ ಅದು ‘ಜೊ ನೋಡಿಖ್’. ಬೇಕೆನಿಸಿದರೆ ಕೊಡಿ ಎಂದು ಅರ್ಥ. ನಮ್ಮ ಊರಿನ ಚೀಟಿಗಳಲ್ಲಿ ‘ಎಸ್‌ಓಎಸ್’ ಎಂದು ಬರೆಯುತ್ತಾರಲ್ಲ, ಅದೇ.

ಈಗ ಯೋಚಿಸಿ. ಜರ್ಮನ್ ವೈದ್ಯರೊಬ್ಬರು ‘ಜೆಡ್. ಎನ್. ಕಾರ್ಟಿಸೋನ್’ ಎಂದು ಬರೆದು ರೋಗಿಯನ್ನು ಆಚೆ ಕಳಿಸುತ್ತಾರೆ. ಹಿಂದೆ ಕಾರ್ಟಿಸೋನ್ ಕೊಟ್ಟಿದ್ದೆವು, ಅದು ಮುಗಿದಿದೆ ಎಂಬುದು ಅವರ ಮನಸ್ಸಿನಲ್ಲಿರುವ ಮಾತು. ಓದುವವರ ಕಣ್ಣಿಗೆ ‘ಕಾರ್ಟಿಸೋನ್, ಬೇಕೆನಿಸಿದರೆ’ ಎಂದು ಕಾಣಬಹುದು. ಇದೇ ರೀತಿ ‘ವಿ. ಎ.’ ಎಂದರೆ ಜರ್ಮನ್ ವೈದ್ಯರಿಗೆ ‘ಇಂಥ ಕಾಯಿಲೆಯ ಸಂಶಯವಿದೆ’. ಡಚ್ ಓದುಗರಿಗೆ ‘ಇಂಥ ದಿನದಿಂದ’. ಇಬ್ಬರೂ ಜಾಣರು, ಇಬ್ಬರೂ ಚೆನ್ನಾಗಿ ಓದಿದವರು. ಆದರೂ ನಡುವೆ ರೋಗಿ ಸಿಕ್ಕಿಕೊಳ್ಳುತ್ತಾನೆ.

ನಾನು ಪುತ್ತೂರಿನ ಕಡೆಯವನು. ಮಂಗಳೂರಿನಲ್ಲಿ ಎಂಬಿಬಿಎಸ್ ಮುಗಿಸಿ ಈ ದೇಶಕ್ಕೆ ಬಂದೆ. ಗಡಿಗೆ ಹತ್ತಿರದ ಒಂದು ಊರಿನ ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ಕೆಲಸ. ವಾರ್ಡಿಗೆ ಬರುವ ವೈದ್ಯ ವಿದ್ಯಾರ್ಥಿಗಳಿಗೆ ಹಾಸಿಗೆಯ ಪಕ್ಕ ನಿಂತು ಪಾಠ ಹೇಳುವುದು ಆ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಭಾಗ. ಇವತ್ತು ಮಾತಾಡಲು ಹೊರಟಿರುವುದು ಅವರ ಬಗ್ಗೆಯೇ. ಯೂರೋಪಿನಲ್ಲಿ ರೋಗಿಗಳು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಚಿಕಿತ್ಸೆಗೆ ಹೋಗುತ್ತಾರೆ, ಬರುತ್ತಾರೆ. ಅವರನ್ನು ನೋಡಿಕೊಳ್ಳಲು ನಾಳಿನ ವೈದ್ಯರನ್ನು ನಾವು ತಯಾರು ಮಾಡುತ್ತಿದ್ದೇವೆಯೇ?

ರೋಗಿಗಿರುವ ಹಕ್ಕೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 1998ರ ಏಪ್ರಿಲ್ 28ರಂದು ಲಕ್ಸೆಂಬರ್ಗ್‌ನಲ್ಲಿರುವ ಯೂರೋಪಿಯನ್ ನ್ಯಾಯಾಲಯ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಕೋಲ್ ಎಂಬ ಲಕ್ಸೆಂಬರ್ಗ್‌ನ ತಂದೆ ತನ್ನ ಮಗಳ ಹಲ್ಲು ಸರಿಪಡಿಸಲು ಜರ್ಮನಿಯ ಟ್ರೀರ್‌ಗೆ ಕರೆದೊಯ್ಯಲು ಬಯಸಿದ್ದ. ಡೆಕರ್ ಎಂಬಾತ ಬೆಲ್ಜಿಯಂನ ಆರ್ಲೋನ್‌ನಲ್ಲಿ ಕನ್ನಡಕ ಕೊಂಡಿದ್ದ. ಮುಂಚೆ ಅನುಮತಿ ಬೇಕಿತ್ತು ಎಂದು ವಿಮೆಯವರು ಹಣ ನಿರಾಕರಿಸಿದ್ದರು. ನ್ಯಾಯಾಲಯ ರೋಗಿಗಳ ಪರ ನಿಂತಿತು. ಒಂದು ಹಲ್ಲುಕಂಬಿ, ಒಂದು ಜೊತೆ ಕನ್ನಡಕ. ಇಷ್ಟು ಸಣ್ಣ ವಸ್ತುಗಳಿಂದ ಶುರುವಾದ ಮಾತು 2011ರಲ್ಲಿ ಯೂರೋಪಿಯನ್ ಒಕ್ಕೂಟದ ನಿರ್ದೇಶನವಾಗಿ ಬಂತು, 2013ರ ಅಕ್ಟೋಬರ್ ಹೊತ್ತಿಗೆ ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಬೇಕಿತ್ತು. ಇದರ ಪ್ರಕಾರ ರೋಗಿ ಇನ್ನೊಂದು ದೇಶದಲ್ಲಿ ಚಿಕಿತ್ಸೆ ಪಡೆದು, ಮೊದಲು ತಾನೇ ಹಣ ಕಟ್ಟಿ, ತನ್ನ ದೇಶದಲ್ಲಿ ಅದಕ್ಕೆ ಎಷ್ಟು ಖರ್ಚಾಗುತ್ತಿತ್ತೋ ಅಷ್ಟನ್ನು ವಾಪಸ್ ಪಡೆಯಬಹುದು. ಇದಕ್ಕಿಂತ ಹಳೆಯದಾದ ಇನ್ನೊಂದು ದಾರಿಯೂ ಇದೆ. ಮುಂಚೆಯೇ ಅನುಮತಿ ಪಡೆದು, ‘ಎಸ್ 2’ ಎಂಬ ಫಾರ್ಮು ಹಿಡಿದು ಹೋದರೆ ಲೆಕ್ಕವನ್ನು ಎರಡು ದೇಶಗಳ ವಿಮೆಯವರೇ ತಮ್ಮೊಳಗೆ ಚುಕ್ತಾ ಮಾಡಿಕೊಳ್ಳುತ್ತಾರೆ.

ಒಕ್ಕೂಟದ ಲೆಕ್ಕಪರಿಶೋಧಕರು 2019ರಲ್ಲಿ ಕೊಟ್ಟ ವರದಿಯ ಪ್ರಕಾರ ಈ ನಿರ್ದೇಶನದಡಿ ಹೊರದೇಶದಲ್ಲಿ ಚಿಕಿತ್ಸೆ ಪಡೆಯುವವರು ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು. ಒಟ್ಟು ಜನಸಂಖ್ಯೆಯಲ್ಲಿ ಇದು ಶೇ. 0.05ಕ್ಕಿಂತ ಕಡಿಮೆ. ಇಷ್ಟು ಸಣ್ಣ ಸಂಖ್ಯೆಗೆ ಪಠ್ಯಕ್ರಮ ಯಾಕೆ ಬದಲಿಸಬೇಕು ಎಂದು ಕೇಳುವವರಿದ್ದಾರೆ. ಈ ಲೆಕ್ಕದಲ್ಲಿ ರಜೆಯಲ್ಲಿ ಬಿದ್ದು ಕಾಲು ಮುರಿದುಕೊಂಡವರು ಸೇರುವುದಿಲ್ಲ, ಏಕೆಂದರೆ ಅವರದು ವಿಮಾ ಕಾರ್ಡಿನ ದಾರಿ. ಒಂದು ದೇಶದಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಇಟ್ಟುಕೊಂಡು ದಿನಾ ಗಡಿ ದಾಟುವವರೂ ಸೇರುವುದಿಲ್ಲ. ಗಡಿಯೂರಿನ ಆಸ್ಪತ್ರೆಯಲ್ಲಿ ಒಂದು ವಾರ ಡ್ಯೂಟಿ ಮಾಡಿದರೆ ಈ ಶೇಕಡಾವಾರು ಎಷ್ಟು ಕಡಿಮೆ ಹೇಳುತ್ತದೆ ಎಂಬುದು ಗೊತ್ತಾಗುತ್ತದೆ.

ಇನ್ನು ವೈದ್ಯರ ಪದವಿಯ ಮಾತು. ಅದು ಗಡಿಯನ್ನು ರೋಗಿಗಿಂತ ಮೊದಲೇ ದಾಟಿದೆ, 1975ರಿಂದಲೇ. ಈಗಿನ ನಿಯಮದ ಪ್ರಕಾರ ಕನಿಷ್ಠ 5 ವರ್ಷ, 5,500 ಗಂಟೆಗಳ ವೈದ್ಯಕೀಯ ಶಿಕ್ಷಣ ಆಗಿದ್ದರೆ ಒಂದು ಸದಸ್ಯ ದೇಶದ ಪದವಿಯನ್ನು ಉಳಿದವು ತಾವಾಗಿಯೇ ಒಪ್ಪಬೇಕು. ಆ ನಿಯಮದಲ್ಲಿ ವಿದ್ಯಾರ್ಥಿಗೆ ಏನೇನು ಗೊತ್ತಿರಬೇಕು ಎಂಬ ಪಟ್ಟಿ ಇದೆ. ವೈದ್ಯಕೀಯದ ಬುನಾದಿಯಾದ ವಿಜ್ಞಾನಗಳು, ಆರೋಗ್ಯವಂತ ಮತ್ತು ರೋಗಗ್ರಸ್ತ ದೇಹ, ಚಿಕಿತ್ಸಾ ವಿಷಯಗಳು, ಆಸ್ಪತ್ರೆಯ ಅನುಭವ. ಪಕ್ಕದ ದೇಶದಲ್ಲಿ ಆಸ್ಪತ್ರೆ ಹೇಗೆ ನಡೆಯುತ್ತದೆ ಎಂಬುದು ಆ ಪಟ್ಟಿಯಲ್ಲಿಲ್ಲ. ನನ್ನ ದೂರು ಇದೇ. ಇಡೀ ಖಂಡದಲ್ಲಿ ನಡೆಯುವ ಸರ್ಟಿಫಿಕೇಟನ್ನು ಕೈಗಿಟ್ಟು, ಒಂದೇ ದೇಶದ ರೂಢಿಯನ್ನು ತಲೆಗೆ ತುಂಬಿ ಕಳಿಸುತ್ತಿದ್ದೇವೆ. ಅದು ರೂಢಿ ಎಂಬುದನ್ನೂ ಹೇಳುವುದಿಲ್ಲ. ಹುಡುಗರು ಅದನ್ನೇ ವೈದ್ಯಕೀಯ ಎಂದು ನಂಬಿಬಿಡುತ್ತಾರೆ.

ನಮ್ಮಂತೆ ಭಾರತದಿಂದ ಬಂದವರಿಗೆ ಈ ನಂಬಿಕೆ ಬೇಗ ಮುರಿಯುತ್ತದೆ. ನಮ್ಮ ಎಂಬಿಬಿಎಸ್‌ಗೆ ಇಲ್ಲಿ ತಾನಾಗಿ ಸಿಗುವ ಮಾನ್ಯತೆ ಇಲ್ಲ. ವೈದ್ಯಕೀಯ ಭಾಷೆಯ ಪರೀಕ್ಷೆ ಬರೆಯಬೇಕು. ಒಟ್ಟು ಒಂದು ಗಂಟೆ. 20 ನಿಮಿಷ ರೋಗಿಯೊಡನೆ ಮಾತು, 20 ನಿಮಿಷ ಪತ್ರ ಬರೆಯುವುದು, 20 ನಿಮಿಷ ಇನ್ನೊಬ್ಬ ವೈದ್ಯರಿಗೆ ಕೇಸು ಒಪ್ಪಿಸುವುದು. ಅದಕ್ಕೆ ತಯಾರಾಗುವಾಗ ಕಷ್ಟವೆನಿಸಿತ್ತು. ಈಗ ಅನ್ನಿಸುತ್ತದೆ, ಈ ಮೂರು ಕೆಲಸಗಳನ್ನು ಪರಭಾಷೆಯಲ್ಲಿ, ಪರದೇಶದ ವೈದ್ಯರೆದುರು ಮಾಡಿಸುವ ಪರೀಕ್ಷೆ ಇಲ್ಲಿಯೇ ಹುಟ್ಟಿ ಬೆಳೆದ ಪ್ರತಿ ವಿದ್ಯಾರ್ಥಿಗೂ ಒಮ್ಮೆ ಆಗಬೇಕು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ನೆದರ್‌ಲ್ಯಾಂಡ್ಸ್‌ಗೆ ರಜೆಗೆ ಹೋಗಿದ್ದ ಹಿರಿಯ ಮಹಿಳೆಯೊಬ್ಬರು ಸೈಕಲ್ಲಿನಿಂದ ಬಿದ್ದು, ಅಲ್ಲಿ ಎರಡು ದಿನ ಇದ್ದು ನಮ್ಮಲ್ಲಿಗೆ ಬಂದರು. ಜೊತೆಗೆ ರಕ್ತಪರೀಕ್ಷೆಯ ವರದಿ. ಹಿಮೋಗ್ಲೋಬಿನ್ 7.9 ಎಂದಿತ್ತು. ತೊಡೆಯೊಳಗೆ ರಕ್ತ ಸೋರುತ್ತಿರಬೇಕು ಎಂದು ನಾನು ರಕ್ತ ತರಿಸಲು ಹೇಳಿಬಿಟ್ಟೆ. ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಮೆಲ್ಲಗೆ ಕೇಳಿದಳು, ‘ಡಾಕ್ಟರೇ, ಇದು ಯಾವ ಅಳತೆ?’ ಜರ್ಮನಿಯ ಈ ಭಾಗದಲ್ಲಿ ಹಿಮೋಗ್ಲೋಬಿನ್‌ಅನ್ನು ನಮ್ಮ ಊರಿನ ಹಾಗೆಯೇ ಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ. ಡಚ್ಚರು ಮಿಲಿಮೋಲ್ ಲೆಕ್ಕದಲ್ಲಿ. ಅವರ 7.9 ನಮ್ಮ ಸುಮಾರು 12.7. ಆ ವಯಸ್ಸಿನ ಹೆಂಗಸಿಗೆ ಏನೂ ಕೊರತೆಯಿಲ್ಲದ ಸಂಖ್ಯೆ. ರಕ್ತ ಏರಿಸುವ ಮೊದಲು ನಾವು ಮತ್ತೊಮ್ಮೆ ಪರೀಕ್ಷಿಸುತ್ತಿದ್ದೆವು, ನಿಜ. ಆದರೆ ಆ ಅರ್ಧ ಗಂಟೆ ರೋಗಿಯೂ ಅವರ ಮಗಳೂ ಪಟ್ಟ ಆತಂಕಕ್ಕೆ ನಾನೇ ಕಾರಣ. ಆ ವಿದ್ಯಾರ್ಥಿನಿಗೆ ಅದು ಹೊಳೆದದ್ದು ಯಾಕೆ? ಆಕೆ ಗ್ರೋನಿಂಗನ್‌ನಲ್ಲಿ ಒಂದು ವರ್ಷ ಓದಿ ಬಂದಿದ್ದಳು.

ಆ ವರ್ಷದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮೊದಲು ವೈದ್ಯಕೀಯ ವಿಭಾಗವೇ ಇರಲಿಲ್ಲ. ಗ್ರೋನಿಂಗನ್‌ನದು 17ನೇ ಶತಮಾನದ ವಿಶ್ವವಿದ್ಯಾಲಯ. ಇವೆರಡೂ ಸೇರಿ ‘ಯೂರೋಪಿಯನ್ ಮೆಡಿಕಲ್ ಸ್ಕೂಲ್’ ಎಂಬ ಹೆಸರಿನಲ್ಲಿ ಗಡಿಯ ಎರಡೂ ಕಡೆ ಕಾಲೂರಿದ ಶಿಕ್ಷಣ ಆರಂಭಿಸಿದವು. ಓಲ್ಡನ್‌ಬರ್ಗ್‌ನಲ್ಲಿ 2012ರಲ್ಲಿ ಸೇರಿದ ಮೊದಲ ತಂಡದಲ್ಲಿ 40 ಮಂದಿ. ಇಲ್ಲಿ ಸೇರಿದವರು ಕನಿಷ್ಠ ಒಂದು ವರ್ಷ ಅಲ್ಲಿ ಕಲಿಯಬೇಕು, ಅಲ್ಲಿಂದಲೂ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಕೊನೆಗೆ ಓಲ್ಡನ್‌ಬರ್ಗ್‌ನವರು ಉಳಿದ ಜರ್ಮನ್ ವಿದ್ಯಾರ್ಥಿಗಳಂತೆ ಸರ್ಕಾರಿ ಪರೀಕ್ಷೆಯನ್ನೇ ಬರೆಯುತ್ತಾರೆ.

ಎರಾಸ್ಮಸ್ ಯೋಜನೆಯಡಿ 1987ರಿಂದಲೂ ವಿದ್ಯಾರ್ಥಿಗಳು ದೇಶ ಸುತ್ತುತ್ತಿದ್ದಾರಲ್ಲ, ಇದರಲ್ಲಿ ಹೊಸತೇನು ಎಂದು ಕೇಳಬಹುದು. ಎರಾಸ್ಮಸ್‌ನಲ್ಲಿ ಹೋಗುವವನು ಅತಿಥಿ. ಆರು ತಿಂಗಳು ಇದ್ದು, ಸ್ನೇಹಿತರನ್ನು ಮಾಡಿಕೊಂಡು, ಖುಷಿಯಾಗಿ ಬರುತ್ತಾನೆ. ಅದನ್ನು ನಾನು ಸಣ್ಣದು ಎನ್ನುವುದಿಲ್ಲ. ಆದರೆ ಒಂದೂವರೆ ಗಂಟೆಯ ದೂರದಲ್ಲಿ, ನಾಳೆ ತನ್ನ ರೋಗಿಗಳು ನಿಜವಾಗಿ ಹೋಗಿಬರುವ ಊರಿನಲ್ಲಿ ಒಂದು ವರ್ಷ ಇದ್ದವನು ಅಲ್ಲಿಯವನ ಹಾಗೆ ಗೊಣಗಲು ಕಲಿಯುತ್ತಾನೆ. ಅಲ್ಲಿಯ ನರ್ಸು ಯಾವುದಕ್ಕೆ ಸಿಟ್ಟಾಗುತ್ತಾರೆ, ಯಾವ ಹೊತ್ತಿಗೆ ಯಾರಿಗೆ ಫೋನ್ ಮಾಡಿದರೆ ಕೆಲಸ ಆಗುತ್ತದೆ, ಇವೆಲ್ಲ ತಿಳಿಯುತ್ತವೆ. ರೋಗಿ ಮಾತಾಡುವುದು ಡಚ್ ಭಾಷೆಯಲ್ಲಿ. ಹಾಗಾಗಿ ಹಾಸಿಗೆಯ ಪಕ್ಕ ನಿಲ್ಲಬೇಕೆನ್ನುವವರು ಡಚ್ ಕಲಿಯಲೇಬೇಕು. ಪಾಠ ಇಂಗ್ಲಿಷಿನಲ್ಲಿ ನಡೆಯಬಹುದು, ನೋವು ಇಂಗ್ಲಿಷಿನಲ್ಲಿ ಇರುವುದಿಲ್ಲ.

ಅಲ್ಲಿಂದ ಮರಳಿದವರು ಹೇಳುವ ಮೊದಲ ಅಚ್ಚರಿ ಯಾವಾಗಲೂ ಸೋಂಕಿನದು. ಎಂಆರ್‌ಎಸ್‌ಎ ಎಂಬ ಹಟಮಾರಿ ಬ್ಯಾಕ್ಟೀರಿಯಾ ನಿಮಗೆ ಗೊತ್ತಿರಬಹುದು. ಹಲವು ಆಂಟಿಬಯಾಟಿಕ್‌ಗಳಿಗೆ ಅದು ಬಗ್ಗುವುದಿಲ್ಲ. ಡಚ್ಚರು ಬಹಳ ವರ್ಷಗಳಿಂದ ‘ಹುಡುಕಿ ನಿರ್ಮೂಲ ಮಾಡು’ ಎಂಬ ನೀತಿ ಹಿಡಿದು, ಆಸ್ಪತ್ರೆಗಳಲ್ಲಿ ಅದರ ಪ್ರಮಾಣವನ್ನು ತೀರಾ ಕೆಳಗೆ ಇಟ್ಟುಕೊಂಡಿದ್ದಾರೆ. ಹೊರದೇಶದ ಆಸ್ಪತ್ರೆಯಲ್ಲಿ ಇತ್ತೀಚೆಗೆ ಮಲಗಿ ಬಂದವರನ್ನು ಪ್ರತ್ಯೇಕ ಕೋಣೆಯಲ್ಲಿಟ್ಟು, ಮೂಗು ಗಂಟಲಿನ ಸ್ವಾಬ್ ತೆಗೆದು, ವರದಿ ಬರುವ ತನಕ ಗೌನು, ಮಾಸ್ಕು, ಗ್ಲೌಸು ಹಾಕಿಕೊಂಡೇ ಒಳಗೆ ಹೋಗುತ್ತಾರೆ. ಹಂದಿ ಸಾಕುವ ರೈತರಿಗೂ ಇದೇ ಕ್ರಮ, ಏಕೆಂದರೆ ಹಂದಿಗಳಿಂದ ಮನುಷ್ಯರಿಗೆ ಬರುವ ಎಂಆರ್‌ಎಸ್‌ಎ ತಳಿಯೊಂದನ್ನು 2005ರ ಹೊತ್ತಿಗೆ ಆ ದೇಶದಲ್ಲೇ ಗುರುತಿಸಿದರು. ಜರ್ಮನಿಯ ಈ ಭಾಗದಲ್ಲಿ ಹಂದಿ ಸಾಕಣೆ ಎಷ್ಟಿದೆ ಎಂಬುದು ನಿಮಗೇ ಗೊತ್ತು.

ಈಗ ಇಲ್ಲಿಯ ಒಬ್ಬ ರೈತ ದೊಡ್ಡ ಶಸ್ತ್ರಚಿಕಿತ್ಸೆಗೆ ಅಲ್ಲಿಗೆ ಹೋದನೆನ್ನಿ. ಬಾಗಿಲು ದಾಟುತ್ತಿದ್ದಂತೆ ಒಂಟಿ ಕೋಣೆ. ಒಳಗೆ ಬರುವ ಪ್ರತಿಯೊಬ್ಬರೂ ಮುಖ ಮುಚ್ಚಿಕೊಂಡವರು. ತನ್ನನ್ನು ಮೈಲಿಗೆಯವನಂತೆ ಕಂಡರು ಎಂದು ಆತ ನೊಂದುಕೊಳ್ಳುತ್ತಾನೆ. ಈ ನೋವನ್ನು ತಡೆಯಲು ದುಬಾರಿ ಯಂತ್ರ ಏನೂ ಬೇಕಿಲ್ಲ. ಕಳಿಸುವ ಮೊದಲೇ ಸ್ವಾಬ್ ತೆಗೆದು ವರದಿಯನ್ನು ಪತ್ರಕ್ಕೆ ಲಗತ್ತಿಸಬೇಕು. ಜೊತೆಗೆ ಹಾಸಿಗೆಯ ಅಂಚಿನಲ್ಲಿ ಐದು ನಿಮಿಷ ಕೂತು, ‘ಯಜಮಾನರೇ, ಅಲ್ಲಿ ಮೊದಲೆರಡು ದಿನ ಹೀಗಿರುತ್ತದೆ, ಇದು ಅವರ ಪದ್ಧತಿ’ ಎಂದು ಹೇಳಬೇಕು. ಯಾವ ವಿದ್ಯಾರ್ಥಿ ತಾನೇ ಆ ಗೌನು ತೊಟ್ಟು ಒಳಹೋಗಿದ್ದನೋ ಅವನು ಇದನ್ನು ಮರೆಯುವುದಿಲ್ಲ. ಸ್ಲೈಡಿನಲ್ಲಿ ಓದಿದವನು ಮರೆಯುತ್ತಾನೆ.

ಎರಡನೆಯ ಅಚ್ಚರಿ ಹೆರಿಗೆ. ಜರ್ಮನಿಯಲ್ಲಿ ಗರ್ಭಿಣಿ ಸಾಮಾನ್ಯವಾಗಿ ಸ್ತ್ರೀರೋಗ ತಜ್ಞರ ಬಳಿ ಹೋಗುತ್ತಾಳೆ. ನಮ್ಮ ತಾಯಿ ಕಾರ್ಡಿನಂಥ ‘ಮುಟರ್‌ಪಾಸ್’ ಪುಸ್ತಕ ಕೈಯಲ್ಲಿರುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ತೊಡಕಿಲ್ಲದ ಬಸಿರಾದರೆ ಶುರುವಿನಿಂದ ಕೊನೆತನಕ ಸೂಲಗಿತ್ತಿಯೇ ನೋಡಿಕೊಳ್ಳುತ್ತಾಳೆ. ಆಕೆ ಕಾಲೇಜಿನಲ್ಲಿ ಓದಿ, ಪರವಾನಗಿ ಪಡೆದ ಸೂಲಗಿತ್ತಿ. ಮನೆಯಲ್ಲೇ ಹೆರುವವರು ಇಂದಿಗೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಹೆರಿಗೆಯ ನಂತರ ತರಬೇತಿ ಪಡೆದ ಹೆಂಗಸೊಬ್ಬರು ಸುಮಾರು ಎಂಟು ದಿನ ದಿನಕ್ಕೆ ಕೆಲವು ಗಂಟೆ ಮನೆಗೇ ಬಂದು ತಾಯಿ ಮಗು ಇಬ್ಬರನ್ನೂ ನೋಡಿಕೊಳ್ಳುತ್ತಾರೆ. ‘ಕ್ರಾಮ್‌ಜೋರ್ಖ್’ ಎನ್ನುತ್ತಾರೆ. ಬಹುಪಾಲು ಖರ್ಚು ವಿಮೆಯದು. ನಾನು ಕನ್ನಡದ ಹುಡುಗಿಯರಿಗೆ ಇದನ್ನು ಒಂದೇ ಪದದಲ್ಲಿ ಹೇಳುತ್ತೇನೆ: ಬಾಣಂತನ. ಅಮ್ಮನ ವೀಸಾ ತಡವಾದ ಎಷ್ಟೋ ಮನೆಗಳಲ್ಲಿ ಆ ಅಪರಿಚಿತ ಡಚ್ ಹೆಂಗಸೇ ಮೊದಲ ನೀರೆರೆದಿದ್ದಾರೆ.

ಜರ್ಮನ್ ವಿದ್ಯಾರ್ಥಿಗಳು ಮೊದಲು ಇದನ್ನು ಕೇಳಿ ಹೌಹಾರುತ್ತಾರೆ. ಡಾಕ್ಟರಿಲ್ಲದೆ ಹೆರಿಗೆಯೇ? ಅಲ್ಲಿಯ ಆಂಬುಲೆನ್ಸಿನಲ್ಲಿ ಸಾಮಾನ್ಯವಾಗಿ ಡಾಕ್ಟರ್ ಇರುವುದಿಲ್ಲ, ವಿಶೇಷ ತರಬೇತಿ ಪಡೆದ ನರ್ಸ್ ಇರುತ್ತಾರೆ ಎಂದಾಗಲೂ ಇದೇ ಪ್ರತಿಕ್ರಿಯೆ. ಜರ್ಮನಿಯಲ್ಲಿ ಗಂಭೀರ ಕರೆಗಳಿಗೆ ವೈದ್ಯರೇ ರಸ್ತೆಗಿಳಿಯುತ್ತಾರೆ. ಡಚ್ ವಿದ್ಯಾರ್ಥಿಗಳು ಇಲ್ಲಿಗೆ ಬಂದಾಗ ಅವರದು ಇದಕ್ಕೆ ತಿರುಗುಮುರುಗಾದ ಪ್ರಶ್ನೆ: ಬೆನ್ನುನೋವಿಗೆಲ್ಲ ರೋಗಿ ನೇರವಾಗಿ ತಜ್ಞರ ಬಳಿ ಯಾಕೆ ಹೋಗುತ್ತಾನೆ, ಮನೆವೈದ್ಯರು ಏನು ಮಾಡುತ್ತಾರೆ? ಈ ಎರಡು ಪ್ರಶ್ನೆಗಳು ಎದುರುಬದುರಾದ ದಿನ ನಿಜವಾದ ಪಾಠ ಶುರುವಾಗುತ್ತದೆ. ಯಾರು ಸರಿ ಎಂದು ತೀರ್ಮಾನಿಸುವ ಅವಸರ ಬೇಡ ಎಂದು ನಾನು ಹೇಳುತ್ತೇನೆ. ಎರಡೂ ಶ್ರೀಮಂತ ದೇಶಗಳು, ಎರಡರಲ್ಲೂ ಜನ ದೀರ್ಘಾಯುಗಳು. ಹಾಗಿರುವಾಗ ನಾವು ‘ಹೀಗೇ ಆಗಬೇಕು’ ಎಂದುಕೊಂಡಿದ್ದರಲ್ಲಿ ವಿಜ್ಞಾನ ಎಷ್ಟು, ಅಭ್ಯಾಸ ಎಷ್ಟು?

ಕೆಲವು ವ್ಯತ್ಯಾಸಗಳು ಅಭ್ಯಾಸದ ಮಟ್ಟದಲ್ಲಿ ನಿಲ್ಲುವುದಿಲ್ಲ, ಕಾನೂನನ್ನು ಮುಟ್ಟುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ 2002ರಿಂದ ಕಟ್ಟುನಿಟ್ಟಾದ ಷರತ್ತುಗಳೊಡನೆ ದಯಾಮರಣಕ್ಕೆ ಅವಕಾಶವಿದೆ. ಜರ್ಮನಿಯಲ್ಲಿ ರೋಗಿಯೇ ಕೇಳಿಕೊಂಡರೂ ವೈದ್ಯ ಆ ಇಂಜೆಕ್ಷನ್ ಕೊಡುವುದು ಅಪರಾಧ. ಅಂಗದಾನದಲ್ಲಿ ಡಚ್ಚರು 2020ರ ಜುಲೈಯಿಂದ ಬೇಡವೆಂದು ಹೇಳದವರನ್ನೆಲ್ಲ ದಾನಿಗಳ ನೋಂದಣಿಗೆ ಸೇರಿಸುತ್ತಾರೆ, ಜರ್ಮನಿಯಲ್ಲಿ ಒಪ್ಪಿಗೆ ಬೇಕು. ಆದರೂ ಕಿಡ್ನಿ, ಲಿವರ್ ಹಂಚಿಕೆ ಎರಡೂ ದೇಶಗಳಿಗೆ ಲೈಡನ್ ನಗರದಲ್ಲಿರುವ ಯೂರೋಟ್ರಾನ್ಸ್‌ಪ್ಲಾಂಟ್ ಎಂಬ ಸಂಸ್ಥೆಯ ಮೂಲಕವೇ ನಡೆಯುತ್ತದೆ, ಅದೂ 1967ರಿಂದ. ಇದನ್ನು ವಿದ್ಯಾರ್ಥಿಗಳಿಗೆ ಹೇಳಿದಾಗ ತರಗತಿ ಮೌನವಾಗುತ್ತದೆ.

ತಯಾರಿ ಇಲ್ಲದೆ ಗಡಿ ದಾಟಿದರೆ ಏನಾಗಬಹುದು ಎಂಬುದಕ್ಕೆ ನಾನು ಪ್ರತಿ ವರ್ಷ ಒಂದೇ ಘಟನೆ ಹೇಳುವುದು. 2008ರ ಫೆಬ್ರವರಿ. ಬ್ರಿಟನ್ ಆಗ ಒಕ್ಕೂಟದಲ್ಲಿತ್ತು. ವಾರಾಂತ್ಯದ ಡ್ಯೂಟಿ ಮಾಡಲು ಜರ್ಮನಿಯಿಂದ ವೈದ್ಯರೊಬ್ಬರು ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ಗೆ ಹೋದರು. ಅದು ಆ ದೇಶದಲ್ಲಿ ಅವರ ಮೊದಲ ಪಾಳಿ. ಮೂತ್ರಪಿಂಡದ ಕಲ್ಲಿನ ನೋವಿನಿಂದ ನರಳುತ್ತಿದ್ದ 70 ವರ್ಷದ ರೋಗಿಗೆ ಡೈಮಾರ್ಫಿನ್ ಎಂಬ ನೋವುನಿವಾರಕ ಕೊಟ್ಟರು, 100 ಮಿಲಿಗ್ರಾಂ. ವಾಡಿಕೆಯ ಪ್ರಮಾಣದ ಹತ್ತು ಪಟ್ಟು. ರೋಗಿ ತೀರಿಕೊಂಡರು. ಜರ್ಮನಿಯಲ್ಲಿ ನೋವಿಗೆ ಆ ಔಷಧ ಬಳಸುವ ರೂಢಿಯೇ ಇಲ್ಲ. ಅವರ ಪದವಿಗೆ ಮಾನ್ಯತೆ ಇತ್ತು, ಬ್ಯಾಗಿನಲ್ಲಿ ಔಷಧವೂ ಇತ್ತು. ವಿಚಾರಣೆಯಲ್ಲಿ ಇದು ಘೋರ ನಿರ್ಲಕ್ಷ್ಯವೆಂದು ತೀರ್ಮಾನವಾಯಿತು, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಯೂರೋಪಿನಿಂದ ಬರುವ ವೈದ್ಯರ ಇಂಗ್ಲಿಷ್ ಪರೀಕ್ಷಿಸುವ ಅಧಿಕಾರ ಬ್ರಿಟನ್ನಿನ ವೈದ್ಯ ಮಂಡಳಿಗೆ ಸಿಕ್ಕಿದ್ದು 2014ರಲ್ಲಿ. ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ: ಗೊತ್ತಿಲ್ಲದ ಬಾಟಲಿ ಕೈಗೆ ಬಂದಾಗ ಕೇಳಲು ನಾಚಬೇಡಿ, ನಿಮ್ಮ ದೇಶದಲ್ಲಿ ನೀವು ಎಷ್ಟೇ ದೊಡ್ಡವರಿರಲಿ.

ಔಷಧದ ಹೆಸರಿನದು ಇನ್ನೊಂದು ರಗಳೆ. ನೋವಾಲ್ಗಿನ್ ಎಂಬ ನೋವಿನ ಮಾತ್ರೆ ಜರ್ಮನಿಯ ವಾರ್ಡುಗಳಲ್ಲಿ ನೀರಿನಷ್ಟು ಸಾಮಾನ್ಯ. ಅದೇ ಔಷಧಕ್ಕೆ ಸ್ವೀಡನ್, ಬ್ರಿಟನ್‌ಗಳಲ್ಲಿ ಪರವಾನಗಿಯೇ ಇಲ್ಲ, ಬಿಳಿರಕ್ತಕಣಗಳನ್ನು ಅಪಾಯಕರವಾಗಿ ಇಳಿಸಿಬಿಡುವ ಸಾಧ್ಯತೆ ಇರುವುದರಿಂದ. ಕಂಪನಿ ಇಡುವ ಹೆಸರೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅದಕ್ಕೇ 2012ರಲ್ಲಿ ಒಕ್ಕೂಟ ಒಂದು ನಿಯಮ ಮಾಡಿತು: ಗಡಿ ದಾಟುವ ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರು ಬರೆಯಬೇಕು. ಫಿನ್‌ಲ್ಯಾಂಡಿನ ಡಾಕ್ಟರು ಕಂಪ್ಯೂಟರಿನಲ್ಲಿ ಬರೆದ ಚೀಟಿಗೆ ಎಸ್ಟೋನಿಯಾದ ಔಷಧದಂಗಡಿಯಲ್ಲಿ ಮಾತ್ರೆ ಕೊಡುವುದು 2019ರ ಜನವರಿಯಲ್ಲಿ ಶುರುವಾಯಿತು. ಇಂಥ ವ್ಯವಸ್ಥೆ ಈಗ ಹರಡುತ್ತಿದೆ. ಯಂತ್ರಗಳು ಇದೆಲ್ಲ ಸರಿಮಾಡುತ್ತವೆ ಎಂದು ಹುಡುಗರು ವಾದಿಸುತ್ತಾರೆ. ಯಂತ್ರ ಸಾಗಿಸುವುದು ನಾವು ಬರೆದದ್ದನ್ನೇ. ಬರೆದದ್ದು ಅಸ್ಪಷ್ಟವಾಗಿದ್ದರೆ ಅಸ್ಪಷ್ಟತೆ ಇನ್ನೂ ಬೇಗ ತಲುಪುತ್ತದೆ.

ಸ್ಪೇನ್ ಮತ್ತು ಫ್ರಾನ್ಸ್ ನಡುವೆ, ಪಿರನೀಸ್ ಬೆಟ್ಟಗಳ ಮಧ್ಯೆ ಸೆರ್ದಾನ್ಯ ಎಂಬ ಕಣಿವೆ ಇದೆ. 1659ರ ಒಪ್ಪಂದದಲ್ಲಿ ಈ ಒಂದೇ ಕಣಿವೆಯನ್ನು ಎರಡು ರಾಜ್ಯಗಳು ಸೀಳಿಕೊಂಡವು. ಫ್ರಾನ್ಸಿಗೆ ಹೋದದ್ದು ಹಳ್ಳಿಗಳು. ಯೀವಿಯಾ ಎಂಬ ಊರಿಗೆ ಪಟ್ಟಣದ ಸ್ಥಾನವಿತ್ತು, ಆದ್ದರಿಂದ ಅದು ಹಳ್ಳಿಯಲ್ಲವೆಂದು ಸ್ಪೇನಿನಲ್ಲೇ ಉಳಿಯಿತು. ಇಂದಿಗೂ ಸುತ್ತ ಫ್ರಾನ್ಸ್, ನಡುವೆ ಆ ಸ್ಪೇನಿನ ತುಂಡು. ಈ ಕಣಿವೆಯ ಫ್ರೆಂಚ್ ಕಡೆಯವರಿಗೆ ದೊಡ್ಡ ಆಸ್ಪತ್ರೆ ಬೇಕೆಂದರೆ ಪೆರ್ಪಿನ್ಯಾನಿಗೆ ಬೆಟ್ಟದ ದಾರಿಯಲ್ಲಿ ಸುಮಾರು 100 ಕಿ.ಮೀ. ಇಳಿಯಬೇಕು, ಚಳಿಗಾಲದಲ್ಲಿ ಹಿಮದ ನಡುವೆ. 2014ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಪುಚ್‌ಸರ್ದಾದಲ್ಲಿ ಎರಡೂ ಕಡೆಯವರಿಗೆಂದೇ ಒಂದು ಆಸ್ಪತ್ರೆ ತೆರೆಯಿತು. ವೆಚ್ಚದಲ್ಲಿ ಸ್ಪೇನಿನ ಕೆಟಲೋನಿಯಾ ಪ್ರಾಂತ್ಯ ಶೇ. 60, ಫ್ರಾನ್ಸ್ ಶೇ. 40 ಹೊರುವ ಒಪ್ಪಂದ.

ಅಲ್ಲಿ ಕೆಟಲಾನ್, ಸ್ಪ್ಯಾನಿಷ್, ಫ್ರೆಂಚ್ ಮೂರೂ ಭಾಷೆ ಕಿವಿಗೆ ಬೀಳುತ್ತವೆ. ಫ್ರಾನ್ಸಿನ ಹೆಂಗಸು ಮನೆಯಿಂದ ಹತ್ತು ನಿಮಿಷ ದೂರದಲ್ಲಿ ಹೆರುತ್ತಾಳೆ, ಮಗುವಿನ ಜನ್ಮಸ್ಥಳ ಬೇರೆ ದೇಶವಾಗುತ್ತದೆ. ಅಜ್ಜ ತೀರಿಕೊಂಡರೆ ಶವವನ್ನು ಬೆಟ್ಟದ ಆ ಬದಿಯ ಮನೆಗೆ ಒಯ್ಯಲು ಬೇರೆಯೇ ಕಾಗದಪತ್ರ. ಮರಣಪತ್ರ ತುಂಬುವ ಕಿರಿಯ ವೈದ್ಯನಿಗೆ ಇದು ಗೊತ್ತಿಲ್ಲದಿದ್ದರೆ ದುಃಖದಲ್ಲಿರುವ ಮನೆಯವರು ಕಚೇರಿ ಅಲೆಯಬೇಕಾಗುತ್ತದೆ. ಮೆಡಿಕಲ್ ಕಾಲೇಜಿನಲ್ಲಿ ಇದನ್ನು ಯಾರಿಗೆ ಯಾರು ಕಲಿಸುತ್ತಾರೆ?

2020ರ ಮಾರ್ಚ್ ತಿಂಗಳನ್ನು ನೆನೆಯದೆ ಈ ಮಾತು ಮುಂದೆ ಹೋಗದು. ಫ್ರಾನ್ಸಿನ ಮ್ಯುಲೂಸ್, ಅಲ್ಸೇಸ್ ಭಾಗದ ಆಸ್ಪತ್ರೆಗಳು ಕೋವಿಡ್ ರೋಗಿಗಳಿಂದ ತುಂಬಿ ತುಳುಕಿದವು. ರೈನ್ ನದಿಯ ಮೇಲಿನ ಸೇತುವೆಗಳಲ್ಲಿ ಪೊಲೀಸರು ಕಾವಲು ನಿಂತು ಗಡಿ ಬಿಗಿ ಮಾಡಿದ್ದ ಅದೇ ದಿನಗಳಲ್ಲಿ ವೆಂಟಿಲೇಟರಿನಲ್ಲಿದ್ದ ಫ್ರೆಂಚ್ ರೋಗಿಗಳನ್ನು ಜರ್ಮನಿ, ಸ್ವಿಟ್ಜರ್ಲೆಂಡ್, ಲಕ್ಸೆಂಬರ್ಗ್ ಆಸ್ಪತ್ರೆಗಳು ಬರಮಾಡಿಕೊಂಡವು. ಪ್ರಜ್ಞೆ ಇಲ್ಲದ ರೋಗಿ, ಜೊತೆಗೆ ಮನೆಯವರಿಲ್ಲ. ಅವರ ಪರವಾಗಿ ಮಾತಾಡಲು ಇದ್ದದ್ದು ಒಂದು ಪತ್ರ ಮಾತ್ರ. ಆ ವಾರಗಳಲ್ಲೇ ನಾನು ಹುಟ್ಟಿದ ಸೀಮೆಯಿಂದ ಬರುತ್ತಿದ್ದ ಸುದ್ದಿ ನಿಮಗೂ ನೆನಪಿರಬಹುದು. ತಲಪಾಡಿಯಲ್ಲಿ ರಾಜ್ಯದ ಗಡಿ ಮುಚ್ಚಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು, ಅವರಲ್ಲಿ ಎಷ್ಟೋ ಮಂದಿ ಕನ್ನಡ ತುಳು ಮಾತಾಡುವವರು, ರಸ್ತೆಯಲ್ಲೇ ಉಳಿದರು. ಆಸ್ಪತ್ರೆ ತಲುಪಲಾಗದೆ ಪ್ರಾಣ ಬಿಟ್ಟವರಿದ್ದಾರೆ. ಒಂದೇ ದೇಶದೊಳಗೆ. ಅದನ್ನು ನೆನೆದಾಗ ಇವತ್ತಿಗೂ ನನಗೆ ಮಾತು ಕಟ್ಟುತ್ತದೆ.

ಹಾಗಾದರೆ ವಿದ್ಯಾರ್ಥಿಗಳಿಗೆ ಏನು ಮಾಡಿಸಬೇಕು? ಎಲ್ಲ ಕಾಲೇಜಿಗೂ ಗ್ರೋನಿಂಗನ್ ಪಕ್ಕದಲ್ಲಿಲ್ಲ. ನಾನು ನನ್ನ ವಾರ್ಡಿನಲ್ಲಿ ಮಾಡಿಸುವುದನ್ನು ಹೇಳುತ್ತೇನೆ. ನಿಜವಾದ ಒಂದು ಡಿಸ್ಚಾರ್ಜ್ ಸಮರಿಯಿಂದ ಹೆಸರು, ವಿಳಾಸ ಅಳಿಸಿ ವಿದ್ಯಾರ್ಥಿಗೆ ಕೊಡುತ್ತೇನೆ. ಇದನ್ನು ಆಚೆಯ ವೈದ್ಯರಿಗೆ ಅರ್ಥವಾಗುವಂತೆ ಬರೆ ಎನ್ನುತ್ತೇನೆ. ಸಂಕ್ಷಿಪ್ತಾಕ್ಷರ ಕೂಡದು. ಔಷಧಕ್ಕೆ ಮೂಲ ಹೆಸರು. ಪ್ರತಿ ಸಂಖ್ಯೆಗೂ ಅಳತೆ. ಮುಂದೆ ಯಾರು ಏನು ಮಾಡಬೇಕು ಎಂಬುದು ಮೊದಲ ಪ್ಯಾರಾದಲ್ಲೇ ಬರಬೇಕು. ಬರೆದದ್ದನ್ನು ಡಚ್ ಸ್ನೇಹಿತರೊಬ್ಬರಿಗೆ ಕಳಿಸುತ್ತೇವೆ. ಅವರು ಓದಿ, ತಮಗೆ ಏನು ಅರ್ಥವಾಯಿತು ಎಂಬುದನ್ನು ತಿರುಗಿ ಬರೆಯುತ್ತಾರೆ. ವಿದ್ಯಾರ್ಥಿ ಅಂದುಕೊಂಡದ್ದಕ್ಕೂ ಅವರು ಓದಿಕೊಂಡದ್ದಕ್ಕೂ ಇರುವ ಅಂತರ ಎರಡು ಹಾಳೆಗಳ ಮೇಲೆ ಕಣ್ಣಿಗೆ ಕಟ್ಟುತ್ತದೆ. ಇದಕ್ಕೆ ಖರ್ಚಿಲ್ಲ. ಒಮ್ಮೆ ಮಾಡಿದವರ ಕೈಬರಹವೇ ಬದಲಾಗಿದ್ದನ್ನು ನೋಡಿದ್ದೇನೆ.

ಇನ್ನೊಂದು, ಫೋನು. ಪರಭಾಷೆಯಲ್ಲಿ ಫೋನು ಮಾಡಲು ಎಲ್ಲರೂ ಹೆದರುತ್ತಾರೆ. ಮುಖ ಕಾಣುವುದಿಲ್ಲ, ಕೈಸನ್ನೆ ನಡೆಯುವುದಿಲ್ಲ. ಆ ಹೆದರಿಕೆಯಿಂದ ಎಷ್ಟೋ ಸಂಶಯಗಳು ಕೇಳದೆಯೇ ಉಳಿಯುತ್ತವೆ. ವಿದ್ಯಾರ್ಥಿಯಾಗಿರುವಾಗಲೇ ಹತ್ತು ಸಲ ಮಾಡಿಸಿಬಿಟ್ಟರೆ ಹನ್ನೊಂದನೆಯದು ಸಲೀಸು.

ಲಕ್ಸೆಂಬರ್ಗ್‌ನಲ್ಲಿ 2020ರ ತನಕ ವೈದ್ಯಕೀಯದ ಬ್ಯಾಚುಲರ್ ಕೋರ್ಸೂ ಇರಲಿಲ್ಲ. ಮೊದಲ ವರ್ಷ ಮಾತ್ರ ಅಲ್ಲಿ ಓದಿ, ಮುಂದೆ ಫ್ರಾನ್ಸಿಗೋ ಬೆಲ್ಜಿಯಂಗೋ ಜರ್ಮನಿಗೋ ಹೋಗಬೇಕಿತ್ತು. ಬಡತನದಿಂದಲ್ಲ, ದೇಶ ಚಿಕ್ಕದು. ಹಾಗಾಗಿ ಅಲ್ಲಿಯ ಒಂದೇ ವಾರ್ಡಿನಲ್ಲಿ ಮೂರು ದೇಶಗಳ ರೂಢಿ ಕಲಿತವರು ಒಟ್ಟಿಗೆ ರೌಂಡ್ಸ್ ಮಾಡುತ್ತಾರೆ. ದೊಡ್ಡ ದೇಶದ ವಿದ್ಯಾರ್ಥಿಗೆ ಈ ಭಾಗ್ಯ ತಾನಾಗಿ ಒದಗುವುದಿಲ್ಲ, ನಾವು ಒದಗಿಸಬೇಕು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಹಿರಿಯರೊಬ್ಬರ ಪ್ರಶ್ನೆ: ಡಾಕ್ಟರೇ, ವಿದ್ಯಾರ್ಥಿಗಳ ಮಾತಾಯಿತು. ನಮ್ಮಂಥವರು, ಭಾರತದ ಪಾಸ್‌ಪೋರ್ಟ್ ಇರುವವರು, ಪಕ್ಕದ ದೇಶದಲ್ಲಿ ಕಾಯಿಲೆ ಬಿದ್ದರೆ ಏನು ಗತಿ?

ಸರ್, ನಿಮ್ಮ ಜರ್ಮನ್ ಸರ್ಕಾರಿ ವಿಮೆಯ ಕಾರ್ಡನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿರುವುದೇ ಯೂರೋಪಿಯನ್ ಆರೋಗ್ಯ ವಿಮಾ ಕಾರ್ಡ್. ಪ್ರವಾಸದಲ್ಲಿ ಅನಿವಾರ್ಯವಾದ ಚಿಕಿತ್ಸೆ ಅದರಡಿ ಸಿಗುತ್ತದೆ. ಚಿಕಿತ್ಸೆಗೆಂದೇ ಹೊರಟರೆ ಅದು ನಡೆಯುವುದಿಲ್ಲ, ಮೊದಲು ವಿಮೆಯವರನ್ನು ಕೇಳಿ. ಒಕ್ಕೂಟದ ಪೌರತ್ವ ಇಲ್ಲದವರು ಒಂದು ವಿಷಯ ನೆನಪಿಡಬೇಕು: ಡೆನ್ಮಾರ್ಕ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್, ಸ್ವಿಟ್ಜರ್ಲೆಂಡ್‌ಗಳಲ್ಲಿ ನಮಗೆ ಈ ಕಾರ್ಡ್ ನಡೆಯುವುದಿಲ್ಲ. ಅಲ್ಲಿಗೆ ಹೋಗುವಾಗ ಪ್ರವಾಸ ವಿಮೆ ಮಾಡಿಸಿಕೊಳ್ಳಿ. ಊರಿನಿಂದ ಅಪ್ಪ ಅಮ್ಮ ಬಂದಾಗ ಅವರ ಮಾತ್ರೆಗಳ ಸ್ಟ್ರಿಪ್‌ನ ಹಿಂಬದಿಯ ಫೋಟೊ ತೆಗೆದಿಡಿ, ಮೂಲ ಹೆಸರು ಇರುವುದು ಅಲ್ಲಿ. ಅಮ್ಮ ‘ಡೋಲೊ’ ತಗೊಳ್ತಿದ್ದೀನಿ ಎಂದರೆ ನಮಗೆ ಪ್ಯಾರಸಿಟಮಾಲ್ ಎಂದು ಗೊತ್ತು. ಇಲ್ಲಿ ‘ಡೋಲೊರ್ಮಿನ್’ ಎಂಬುದೊಂದಿದೆ, ಅದರಲ್ಲಿರುವುದು ಐಬುಪ್ರೊಫೆನ್. ಕಿಡ್ನಿ ತೊಂದರೆ ಇರುವವರಿಗೆ ಈ ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಮೂರನೇ ವರ್ಷದ ವೈದ್ಯ ವಿದ್ಯಾರ್ಥಿನಿಯ ಪ್ರಶ್ನೆ: ನಾನು ಮುಂದಿನ ಸೆಮಿಸ್ಟರ್ ಆಚೆಗೆ ಹೋಗುತ್ತಿದ್ದೇನೆ. ಮೊದಲ ದಿನ ವಾರ್ಡಿನಲ್ಲಿ ಏನು ಮಾಡಲಿ?

ವಾರ್ಡಿನಲ್ಲಿ ಎಲ್ಲರಿಗಿಂತ ಹಳಬರಾದ ನರ್ಸ್ ಯಾರೆಂದು ಕೇಳಿ ತಿಳಿದುಕೊಳ್ಳಮ್ಮ. ಅವರಿಗೆ ನಮಸ್ಕಾರ ಹೇಳಿ, ಒಂದು ಖಾಲಿ ಔಷಧಪಟ್ಟಿ ತೆಗೆದುಕೊಂಡು ಕೂತು, ದಿನಕ್ಕೆ ಎರಡು ಸಲ, ಊಟಕ್ಕೆ ಮೊದಲು, ಬೇಕೆನಿಸಿದರೆ ಮಾತ್ರ, ಇವನ್ನೆಲ್ಲ ಇಲ್ಲಿ ಹೇಗೆ ಬರೆಯುತ್ತೀರಿ ಎಂದು ಕೇಳು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ ನಮ್ಮ ಊರಿನಲ್ಲಿ 1-0-1 ಎಂದು ಬರೆಯುವುದು ಜರ್ಮನಿಯಲ್ಲೂ ಹಾಗೇ ಇದ್ದದ್ದನ್ನು ನೋಡಿ ನನಗೆ ಮೊದಲ ದಿನ ಜೀವ ಬಂದ ಹಾಗಾಗಿತ್ತು. ಮರುದಿನವೇ ನಾನು ‘ಎಸ್‌ಓಎಸ್’ ಎಂದು ಬರೆದೆ. ನರ್ಸ್ ಆ ಹಾಳೆ ಹಿಡಿದು ಓಡಿಬಂದು, ‘ಯಾವ ರೋಗಿಗೆ ಏನಾಯಿತು?’ ಎಂದು ಕೇಳಿದರು.